ಕಿಲೋ ಲೆಕ್ಕದಲ್ಲಿ ಕೊಂಡ ಕಾರು

ಮಂದಿ ಕಾರು ಕೊಳ್ಳುವಾಗ ಬಣ್ಣ ನೋಡುತ್ತಾರೆ, ಮಾಡೆಲ್ಲು ನೋಡುತ್ತಾರೆ, ಎಷ್ಟು ಓಡಿದೆ ಅಂತ ಮೀಟರಿಗೆ ಬಗ್ಗುತ್ತಾರೆ. ನಾನು ನಮ್ಮ ಕಾರನ್ನು ತೂಗಿಸಿ ಕೊಂಡೆ, ಉಳ್ಳಾಗಡ್ಡಿ ತೂಗಿಸಿದ ಹಾಗೆ.

ನನ್ನದು ಡೊಂಬಿವಲಿಯ ಎಂಐಡಿಸಿಯಲ್ಲಿ, ಕಾರಖಾನೆಗಳ ನಡುವೆ, ಭಂಗಾರದ ಗೋಡೌನು. ಈ ಧಂದೆ ಸುರು ಮಾಡಿದ ಹೊಸದರಲ್ಲಿ ವಿಜಯಪುರದ ಕಡೆ ಇದ್ದ ನನ್ನ ಅವ್ವನಿಗೆ ಫೋನು ಹಚ್ಚಿ, "ಭಂಗಾರದ ವ್ಯಾಪಾರ ಮಾಡಾಕತ್ತೀನಿ ಯವ್ವಾ" ಅಂದಿದ್ದೆ. ಆಕೆ ಹೆದರಿ, "ಬಂಗಾರದ್ದ? ಅಷ್ಟ ರೊಕ್ಕ ಎಲ್ಲಿಂದ ತಂದಿ? ಯಾರ್ದರ ತಗೊಂಡೀಯೇನ?" ಅಂತ ಕೇಳಿದಳು. ಇಲ್ಲಿ ಗುಜರಿ ಸಾಮಾನಿಗೆ ಭಂಗಾರ ಅನ್ನುತ್ತಾರೆ ಅಂತ ತಿಳಿಸಿ ಹೇಳುವಷ್ಟರಲ್ಲಿ ಫೋನಿನ ಬ್ಯಾಲೆನ್ಸು ಮುಗಿದಿತ್ತು. ಒಂದು ವಾರ ಊರಲ್ಲೆಲ್ಲ ನಾನು ಚಿನ್ನದಂಗಡಿಯ ಒಡತಿಯಾಗಿದ್ದೆ.

ನಮ್ಮವರು, ಅಂದರೆ ನನ್ನ ಗಂಡ, ಮಹಾಪೆಯ ಒಂದು ಕಾರಖಾನೆಯ ಸೇಠರ ಹತ್ತಿರ ಇಪ್ಪತ್ತೆರಡು ವರ್ಷ ಡ್ರೈವರಿಕೆ ಮಾಡಿದವರು. ಸೇಠರಿಗೆ ಮೂರು ಗಾಡಿ. ಎರಡನ್ನು ನಮ್ಮವರು ಓಡಿಸುತ್ತಿದ್ದರು. ಮೂರನೆಯದು ಕೆಂಪು ಬಣ್ಣದ್ದು, ಎರಡೇ ಸೀಟಿನದು, ಮಂಡಿ ಎತ್ತರದ್ದು. ಹಳೆ ಕಾಲದ ಸ್ಪೋರ್ಟ್ಸ್ ಕಾರು. ಅದನ್ನು ತೊಳೆಯುವುದು, ಒರೆಸುವುದು, ನೆರಳಿನಿಂದ ನೆರಳಿಗೆ ನಿಲ್ಲಿಸುವುದು ನಮ್ಮವರ ಕೆಲಸ. ಓಡಿಸುವುದು ಸೇಠರ ಕೆಲಸ.

ತಳೋಜಾದಿಂದ ಆಚೆ ಆಗ ಒಂದು ಟೌನ್‌ಶಿಪ್ಪಿನ ಜಾಗವಿತ್ತು. ಬಿಲ್ಡರನು ರಸ್ತೆ ಮಾಡಿ ಮುಗಿಸಿದ್ದ, ಕಟ್ಟಡ ಇನ್ನೂ ಎದ್ದಿರಲಿಲ್ಲ. ಆ ರಸ್ತೆಯಲ್ಲಿ ವರ್ಷಕ್ಕೊಮ್ಮೆ, ಚಳಿಗಾಲದ ಒಂದು ಭಾನುವಾರ, ಕಾರಿನ ಶೋಕಿಯವರು ಸೇರುತ್ತಿದ್ದರು. ನಾನೂರು ಮೀಟರು ಅಳೆದು ಎರಡೂ ಕಡೆ ಹಗ್ಗ ಕಟ್ಟುವುದು, ಒಂದೊಂದೇ ಗಾಡಿ ಬಿಟ್ಟು ಟೈಮು ನೋಡುವುದು. ಸಣ್ಣ ಇಂಜಿನ್ನಿನ ಗಾಡಿ ಇಪ್ಪತ್ತು ಸೆಕೆಂಡಿನ ಒಳಗೆ ಓಡಿದರೆ ಬಾನೆಟ್ಟಿಗೆ ಹಚ್ಚಿಕೊಳ್ಳಲು ಒಂದು ಹಿತ್ತಾಳೆಯ ಬಿಲ್ಲೆ. ಸೇಠರು ಪ್ರತಿ ವರ್ಷ ಹೋಗುತ್ತಿದ್ದರು. ನಮ್ಮವರು ಹಗ್ಗದ ಹೊರಗೆ ಸೇಠರ ಕನ್ನಡಕ, ನೀರಿನ ಬಾಟಲಿ ಹಿಡಿದು ನಿಲ್ಲುತ್ತಿದ್ದರು. ಸೇಠರಿಗೆ ಆ ಬಿಲ್ಲೆ ಯಾವ ವರ್ಷವೂ ಸಿಗಲಿಲ್ಲ, ಇಪ್ಪತ್ತಕ್ಕಿಂತ ಚೂರು ಮೇಲೆಯೇ ಉಳಿದರು. ಸಂಜೆ ಮನೆಗೆ ಬಂದು ನಮ್ಮವರು ಚಹಾ ಕುಡಿಯುತ್ತ, "ಎರಡನೇ ಗೇರ್‌ನ್ಯಾಗ ಇನ್ನ ಸ್ವಲ್ಪ ಎಳಿಬೇಕಿತ್ತು" ಅನ್ನುವರು. ನಾನು ರೊಟ್ಟಿ ಬಡಿಯುತ್ತ ಹೂಂ ಅನ್ನುವೆ. ಆ ಮಾತು ಎಷ್ಟು ವರ್ಷ ಕೇಳಿದೆನೋ. ಈಗ ನೆನೆದರೆ ಆ ಚಹಾದ ವಾಸನೆ ಸಹಿತ ಬರುತ್ತದೆ.

ಕಾರಖಾನೆ ಮುಚ್ಚಿತು. ಸೇಠರಿಗೂ ವಯಸ್ಸಾಯಿತು. ಘೋಡಬಂದರ್ ರಸ್ತೆಯ ಅವರ ಕಾಂಪ್ಲೆಕ್ಸಿನ ಪಾರ್ಕಿಂಗಿನಲ್ಲಿ ಆ ಕೆಂಪು ಗಾಡಿ ಮೂರು ವರ್ಷ ಧೂಳು ತಿನ್ನುತ್ತ ನಿಂತಿತ್ತು. ಸೊಸೈಟಿಯವರು ಜಾಗ ಖಾಲಿ ಮಾಡಿ ಅಂತ ಬೆನ್ನು ಬಿದ್ದಾಗ ಸೇಠರು ಫೋನು ಮಾಡಿದ್ದು ನನಗೆ.

"ಭಂಗಾರದ ರೇಟಿಗೇ ಕೊಡುತ್ತೇನೆ, ಕಿಲೋ ಲೆಕ್ಕದಲ್ಲಿ ಒಯ್ದುಬಿಡಿ" ಅಂದರು.

ನಿಮಗೂ ಹೇಳಿಬಿಡುತ್ತೇನೆ, ಉಪಯೋಗಕ್ಕೆ ಬರುತ್ತದೆ. ತೂಕದ ಮೇಲೆ ಕೊಳ್ಳುವಾಗ ದರದ ಮೇಲೆ ಜಗಳ ತೆಗೆಯಬೇಡಿ. ದರಕ್ಕೆ ಎಲ್ಲರೂ ಕಾವಲು ಕೂತಿರುತ್ತಾರೆ, ತೂಕಕ್ಕೆ ಯಾರೂ ಕೂತಿರುವುದಿಲ್ಲ. ನಾನು ಸೇಠರು ಹೇಳಿದ ದರಕ್ಕೆ ತಟ್ಟನೆ ಒಪ್ಪಿದೆ. ಆಮೇಲೆ ಗಾಡಿಯ ಸುತ್ತ ಒಂದು ಸುತ್ತು ಹಾಕಿ, "ಸೇಠಜೀ, ಬ್ಯಾಟರಿ ಸತ್ತದ್ದು, ಅದು ಕಬ್ಬಿಣದ ಲೆಕ್ಕಕ್ಕೆ ಬರುವುದಿಲ್ಲ, ಇಳಿಸಿರಿ. ಸ್ಟೆಪ್ನಿಯಲ್ಲಿ ರಬ್ಬರು ಇದೆ, ಇಳಿಸಿರಿ. ಈ ಛಾವಣಿಯ ಬಟ್ಟೆ ಕೊಳೆತಿದೆ, ಫ್ರೇಮು ಸಮೇತ ಇಳಿಸಿರಿ" ಅಂದೆ. ಜಾಕು, ಟೂಲುಪೆಟ್ಟಿಗೆ ಎಲ್ಲ ಇಳಿದವು. ಲಾರಿ ತೂಗುವ ಕಾಟಾದ ಮೇಲೆ ಗಾಡಿ ಏರಿದಾಗ ಏಳು ನೂರಾ ಹನ್ನೆರಡು ಕಿಲೋ. ತೂಕ ಆದ ಮೇಲೆ, "ಈ ಇಳಿಸಿದ್ದು ಇಲ್ಲಿ ಬಿದ್ದರೆ ಸೊಸೈಟಿಯವರು ಮತ್ತೆ ಬೈಯುತ್ತಾರೆ, ಒಯ್ಯಲೇನು?" ಅಂತ ಕೇಳಿದೆ. ಒಯ್ಯಿರಿ ಒಯ್ಯಿರಿ ಅಂದರು ಸೇಠರು. ಎಲ್ಲವೂ ಪುಕ್ಕಟೆ ಬಂತು.

ಗೋಡೌನಿಗೆ ತಂದು ನಿಲ್ಲಿಸಿದೆ. ಮರುದಿನ ಗ್ಯಾಸ್ ಕಟರ್ ಹಚ್ಚಿ ನಾಲ್ಕು ತುಂಡು ಮಾಡುವುದೆಂದು ನನ್ನ ಲೆಕ್ಕ. ಬೆಳಿಗ್ಗೆ ಹೋಗಿ ನೋಡಿದರೆ ನಮ್ಮವರು ಅದರ ಸ್ಟೇರಿಂಗಿನ ಹಿಂದೆ ಕೂತಿದ್ದಾರೆ. ಕೈ ಸ್ಟೇರಿಂಗಿನ ಮೇಲೆ ಇಲ್ಲ, ತೊಡೆಯ ಮೇಲೆ.

"ಕಟ್ ಮಾಡಬ್ಯಾಡ" ಅಂದರು.

"ಮತ್ತೇನ ಮಾಡೂದ?"

"ಒಂದ ಸಲ ಹಗ್ಗದ ಒಳಗ ಹೋಗಿ ಬರ್ತೀನಿ. ಇಪ್ಪತ್ತರ ಒಳಗ. ಆ ಬಿಲ್ಲೆ ಒಂದ ಹಚ್ಚಿ, ಆಮ್ಯಾಲ ಬೇಕಾದ್ರ ಕಟ್ ಮಾಡ."

ಆ ಮನುಷ್ಯ ನನ್ನ ಹತ್ತಿರ ಅದಕ್ಕೆ ಮೊದಲು ತನಗೆಂದು ಏನನ್ನೂ ಕೇಳಿದ್ದು ನನಗೆ ನೆನಪಿಲ್ಲ. ಆಗ ಅವರಿಗೆ ಐವತ್ತೆಂಟು. ಅರವತ್ತು ತುಂಬಿದವರನ್ನು ಆ ಓಟಕ್ಕೆ ಬಿಡುವುದಿಲ್ಲ ಅಂತ ನಿಯಮ. ಅಂದರೆ ಎರಡು ಚಳಿಗಾಲ ಕೈಯಲ್ಲಿತ್ತು.

ಇಂಜಿನ್ನು ಬಿಚ್ಚಿ ಕಟ್ಟುವುದರಲ್ಲೇ ಮೊದಲ ವರ್ಷ ಹೋಯಿತು. ಆ ಜನವರಿಯಲ್ಲಿ ಓಡಿಸಿದರು. ಇಪ್ಪತ್ತೊಂದು ಸೆಕೆಂಡಿಗಿಂತ ಮೇಲೆ ಬಂತು. ಇಂಜಿನ್ನಿಗೆ ಇನ್ನೂ ಶಕ್ತಿ ತುಂಬಬೇಕೆಂದರೆ ಸಾಮಾನು ಸಿಗುವುದಿಲ್ಲ, ಸಿಕ್ಕರೂ ಅದರ ಬೆಲೆಗೆ ಬದಲಾಪುರದಲ್ಲಿ ಒಂದು ಖೋಲಿಯ ಮನೆ ಬರುತ್ತಿತ್ತು. ನಮ್ಮವರು ಸ್ಪ್ಯಾನರು ಕೆಳಗಿಟ್ಟರು. ಆಗ ನಾನು ಹೇಳಿದೆ: "ಶಕ್ತಿ ಹೆಚ್ಚು ಮಾಡಾಕ ಬರಂಗಿಲ್ಲ ಅಂದ್ರ ಹೊರೆ ಕಮ್ಮಿ ಮಾಡೂಣು. ಅದು ನನ್ನ ಧಂದೆ."

ಅಲ್ಲಿಂದ ಪ್ರತಿ ಭಾನುವಾರ ನಾವಿಬ್ಬರೂ ಗೋಡೌನಿನಲ್ಲಿ. ವಾರದಲ್ಲಿ ಆರು ದಿನ ಹಮಾಲರ ಕೂಗಾಟ, ಲಾರಿಯ ಹೊಗೆ. ಭಾನುವಾರ ಮಾತ್ರ ಮಾಡಿನ ತಗಡು ಪತ್ರಾದ ಮೇಲೆ ಪಾರಿವಾಳ ನಡೆದಾಡುವ ಸಪ್ಪಳ. ನಾನು ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದೆ: ರೊಟ್ಟಿ, ಶೇಂಗಾ ಚಟ್ನಿ, ಮೊಸರು. ನಮ್ಮವರು ಬಿಚ್ಚುವುದು, ನಾನು ತೂಗುವುದು, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು. ಬಂಪರು ಎರಡೂ ಹೋದವು. ಸ್ಟೆಪ್ನಿ, ಜಾಕು ಮೊದಲೇ ಇಳಿದಿದ್ದವು, ಇಳಿದಲ್ಲೇ ಇದ್ದವು. ಡ್ಯಾಶ್‌ಬೋರ್ಡಿನ ಕೆಳಗೆ ಒಂದು ದಪ್ಪ ಡಬ್ಬಿ ಸಿಕ್ಕಿತು. ಇದೇನು ಅಂತ ಕೇಳಿದರೆ ಹೀಟರಂತೆ. ಠಾಣೆಯ ಸೆಕೆಯಲ್ಲಿ ನಲವತ್ತು ವರ್ಷ ಒಂದು ಹೀಟರನ್ನು ಹೊತ್ತುಕೊಂಡು ತಿರುಗಿದೆ ಪಾಪದ ಗಾಡಿ. ಅದರ ನೀರಿನ ಕೊಳವೆ ಸಮೇತ ಏಳು ಕಿಲೋ.

ನೆಲಕ್ಕೆ ಹಾಸಿದ ಕಾರ್ಪೆಟ್ಟು ಎಷ್ಟು ಮಳೆಗಾಲದ ನೀರು ಕುಡಿದಿತ್ತೋ, ಹಿಂಡಿದರೆ ಬಕೆಟ್ಟು ಅರ್ಧ ಆಯಿತು. ಅದರ ಕೆಳಗೆ ಸದ್ದು ತಡೆಯಲೆಂದು ಹಚ್ಚಿದ್ದ ಡಾಂಬರಿನ ಹಾಳೆ. ಅದನ್ನು ಉಳಿ ಹಿಡಿದು ಕೆತ್ತಿ ಕೆತ್ತಿ ನಮ್ಮವರ ಅಂಗೈಯಲ್ಲಿ ಬೊಕ್ಕೆ ಎದ್ದವು. ಪಕ್ಕದ ಸೀಟು ತೆಗೆಯುವಾಗ ಮಾತ್ರ ಅವರು ಸ್ಪ್ಯಾನರು ಹಿಡಿದು ಸುಮ್ಮನೆ ನಿಂತರು.

"ಯಾಕ್ರೀ?"

"ಇದನ್ನ ತಗದ್ರ ನೀ ಎಲ್ಲಿ ಕುಂದರ್ತಿ?"

"ನಾ ಲೋಕಲ್‌ನ್ಯಾಗ ಬರ್ತೀನಿ. ಸೀಟು ಹನ್ನೊಂದ ಕಿಲೋ, ನಾ ಅರವತ್ತೆಂಟ. ತಗೀರಿ."

ತೂಕ ಇಳಿಸುವವರಿಗೆ ನನ್ನದೊಂದು ಬುದ್ಧಿಮಾತಿದೆ. ದೊಡ್ಡದನ್ನು ಹುಡುಕಬೇಡಿ. ದೊಡ್ಡದು ಕಣ್ಣಿಗೆ ತಾನೇ ಬೀಳುತ್ತದೆ. ಚಿಕ್ಕದನ್ನು ಅಂಗೈಯಲ್ಲಿಟ್ಟು ನೋಡಿ, ಇದಿಲ್ಲದೆ ಗಾಡಿ ಓಡುತ್ತದೆಯೋ ಇಲ್ಲವೋ ಅಂತ ಕೇಳಿ. ಓಡುತ್ತದೆ ಅಂದರೆ ಇಳಿಸಿ. ಬ್ರೇಕಿಗೆ, ಸ್ಟೇರಿಂಗಿಗೆ ಮಾತ್ರ ಕೈ ಹಚ್ಚಬೇಡಿ. ಹೀಗೆ ಮಾಡಿ ದಸರೆಯ ಹೊತ್ತಿಗೆ ಗೋಡೆಯ ಮೇಲಿನ ಲೆಕ್ಕ ಎಪ್ಪತ್ತು ಕಿಲೋ ದಾಟಿತು.

ಆದರೂ ನಮ್ಮವರು ಎಂಐಡಿಸಿಯ ಖಾಲಿ ರಸ್ತೆಯಲ್ಲಿ ಓಡಿಸಿ ಬಂದು, "ಚಲೋ ಆಗೇತಿ, ಆದ್ರ ಸಾಲಂಗಿಲ್ಲ" ಅಂದರು.

ನಮ್ಮ ಮಗಳು ಮಹಾಪೆಯಲ್ಲಿ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸಕ್ಕಿದ್ದಾಳೆ. ಇಲ್ಲೇ ಹುಟ್ಟಿದವಳು. ನಾವು ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ, ಸಿಟ್ಟು ಬಂದರೆ ಹಿಂದಿ. ಒಂದು ದಿನ ಊಟಕ್ಕೆ ಕೂತಾಗ ಫೋನಿನಲ್ಲಿ ಏನೋ ಓದುತ್ತ, "ಆಈ, ಸಗಳಂ ವಜನ್ ಸಾರಖಂ ನಸತಂ" ಅಂದಳು. ಎಲ್ಲ ತೂಕವೂ ಒಂದೇ ಅಲ್ಲ ಅಂತ. ತಿರುಗುವ ಭಾಗದ ತೂಕ ಬೇರೆಯಂತೆ. ಸೀಟಿನ ಒಂದು ಕಿಲೋವನ್ನು ಇಂಜಿನ್ನು ಮುಂದಕ್ಕೆ ಒಯ್ದರೆ ಸಾಕು. ಗಾಲಿಯ ಒಂದು ಕಿಲೋವನ್ನು ಮುಂದಕ್ಕೂ ಒಯ್ಯಬೇಕು, ಗರಗರ ತಿರುಗಿಸಲೂ ಬೇಕು. ಎರಡು ಸಲ ದುಡಿತ.

ನಮ್ಮವರು ತಲೆ ಕೆರೆದುಕೊಂಡರು. ನನಗೆ ಮಾತ್ರ ತುತ್ತು ಕೈಯಲ್ಲಿರುವಾಗಲೇ ತಿಳಿಯಿತು.

ಮದುವೆಯಾಗಿ ಈ ಕಡೆ ಬಂದ ಮೊದಲ ವರ್ಷಗಳಲ್ಲಿ ನಾನು ಘೋಡಬಂದರ್ ರಸ್ತೆಯ ಕಟ್ಟಡಗಳಲ್ಲಿ ತಲೆಯ ಮೇಲೆ ಕಾಂಕ್ರೀಟು ಹೊತ್ತವಳು. ಸ್ಲ್ಯಾಬು ಹಾಕುವ ದಿನ ಗಮ್‌ಬೂಟು ಕೊಡುತ್ತಿದ್ದರು. ತಲೆಯ ಮೇಲಿನ ಬುಟ್ಟಿ ಎಷ್ಟೇ ಭಾರವಿರಲಿ, ಒಮ್ಮೆ ಎತ್ತಿಕೊಂಡರೆ ಕೊರಳು ಅದಕ್ಕೆ ಹೊಂದಿಕೊಳ್ಳುತ್ತದೆ, ತಾನೇ ಮುಂದೆ ಸಾಗುತ್ತದೆ. ಬೂಟಿಗೆ ಮೆತ್ತಿದ ಸಿಮೆಂಟಿನ ಗಿಲಾವು ಹಾಗಲ್ಲ. ಹೆಜ್ಜೆ ಎತ್ತಿದಾಗೊಮ್ಮೆ ಅದನ್ನೂ ಎತ್ತಬೇಕು, ಬೀಸಬೇಕು, ಇಳಿಸಬೇಕು, ಮತ್ತೆ ಎತ್ತಬೇಕು. ಮಧ್ಯಾಹ್ನದ ಹೊತ್ತಿಗೆ ತಲೆ ನೋಯುತ್ತಿರಲಿಲ್ಲ, ತೊಡೆ ಬಿದ್ದು ಹೋಗುತ್ತಿದ್ದವು. ನಮ್ಮ ಜೊತೆಯ ರಾಯಚೂರಿನ ಹೆಣ್ಣುಮಗಳೊಬ್ಬಳು ಪ್ರತಿ ಖೇಪಿಗೂ ಬೂಟನ್ನು ಗೋಡೆಗೆ ಬಡಿದು ಕೊಡವುತ್ತಿದ್ದಳು. ಮುಕಾದಮನು ಬೈದರೆ, "ಬುಟ್ಟಿ ಇನ್ನೊಂದು ಕೊಡಪ್ಪಾ, ಹೊರ್ತೀನಿ. ಕಾಲಿಗೆ ಕಟ್ಟಬ್ಯಾಡ" ಅನ್ನುತ್ತಿದ್ದಳು.

"ಗಾಲಿ ಅಂದ್ರ ಗಾಡಿಯ ಗಮ್‌ಬೂಟು" ಅಂದೆ ನಾನು. ನಮ್ಮವರು ಆಗ ಗೋಣು ಹಾಕಿದರು.

ಕಲ್ಯಾಣದಲ್ಲಿ ಒಬ್ಬ ಟಾಯರಿನವನ ಹತ್ತಿರ ಹಳೆ ಅಲಾಯ್ ಗಾಲಿಗಳ ರಾಶಿ ಇತ್ತು. ಮೂರು ಶನಿವಾರ ಹೋದೆ. ಮೊದಲ ಶನಿವಾರ ದೊಡ್ಡ, ಹೊಳೆಯುವ, ಭಾರದ ಗಾಲಿಗಳನ್ನೇ ಮುಟ್ಟಿ ಮುಟ್ಟಿ ಹೊಗಳಿದೆ. ನನಗೆ ಬೇಕಾದ ನಾಲ್ಕರ ಕಡೆ ಕಣ್ಣು ಸಹಿತ ಹೊರಳಿಸಲಿಲ್ಲ. ಎರಡನೆಯ ಶನಿವಾರ ದೊಡ್ಡದರ ದರಕ್ಕೆ ಜಗಳಾಡಿ ಸಿಟ್ಟಿನಿಂದ ಎದ್ದು ಬಂದೆ. ಮೂರನೆಯ ಶನಿವಾರ, "ಹೋಗಲಿ, ಆ ಮೂಲೆಯ ಸಣ್ಣವನ್ನಾದರೂ ಕೊಡು, ಬಂದ ದಾರಿಗೆ ಸುಂಕವಿಲ್ಲ ಅನ್ನೋ ಹಾಗೆ ಆಗಬಾರದು" ಅಂತ ತೆಗೆದುಕೊಂಡೆ. ಒಂದೊಂದೂ ನಮ್ಮ ಕಬ್ಬಿಣದ ಗಾಲಿಗಿಂತ ಮೂರು ಕಿಲೋ ಹಗುರ. ಒಂದೇ ಕೈಯಲ್ಲಿ ಎತ್ತಬಹುದಿತ್ತು.

ಅವನ್ನು ಹಾಕಿ ಓಡಿಸಿ ಬಂದ ದಿನ ನಮ್ಮವರ ಮುಖ ನೋಡಬೇಕಿತ್ತು. ಬೂಟು ಕಳಚಿ ಬರಿಗಾಲಲ್ಲಿ ನಡೆದ ಹಾಗಿದೆ ಅಂದರು.

ಇನ್ನು ಉಳಿದದ್ದು ಇಂಜಿನ್ನಿನ ಹಿಂದಿರುವ ಫ್ಲೈವೀಲು. ಅದು ಬೀಸುಕಲ್ಲಿನಂಥ ಉಕ್ಕಿನ ಚಕ್ರ. ಬೀಸುಕಲ್ಲು ಭಾರವಿದ್ದರೆ ಮೊದಲ ಸುತ್ತು ಎಳೆಯುವುದು ತ್ರಾಸು, ಒಮ್ಮೆ ತಿರುಗಿದರೆ ಕೈ ಬಿಟ್ಟರೂ ಅರ್ಧ ಸುತ್ತು ತಾನೇ ಹೋಗುತ್ತದೆ. ಕಲ್ಲು ಹಗುರವಿದ್ದರೆ ತಟ್ಟನೆ ತಿರುಗುತ್ತದೆ, ಕೈ ಬಿಟ್ಟರೆ ತಟ್ಟನೆ ನಿಲ್ಲುತ್ತದೆ. ಇಂಜಿನ್ನಿಗೂ ಅದೇ ನ್ಯಾಯ. ನಮ್ಮದು ಏಳೂವರೆ ಕಿಲೋ ಇತ್ತು. ಅಂಚಿನಿಂದ ಎರಡು ಕಿಲೋ ಕೆತ್ತಿಸುವುದೆಂದು ನಿಶ್ಚಯ ಮಾಡಿದೆವು.

ನಮ್ಮ ಓಣಿಯ ಹಿಂದೆಯೇ ಒಬ್ಬರ ಲೇತ್ ಶಾಪು. ಕುಂದಾಪುರದ ಕಡೆಯವರು, ಬದಲಾಪುರದಿಂದ ದಿನಾ ಬಂದು ಹೋಗುತ್ತಿದ್ದರು. ನಾನು ಅವರಿಗೆ ಅಣ್ಣಾ ಅನ್ನುವುದು, ಅವರು ನನಗೆ ಅಕ್ಕ ಅನ್ನುವುದು. ಇಬ್ಬರೂ ಕನ್ನಡದವರೇ ಅಂತ ಹದಿನೈದು ವರ್ಷದಿಂದ ಖುಷಿಯಾಗಿ ಮಾತಾಡಿಕೊಂಡು ಬಂದಿದ್ದೆವು.

ಓಟಕ್ಕೆ ಇನ್ನು ಮೂರು ವಾರ ಇರುವಾಗ ಫ್ಲೈವೀಲನ್ನು ಲೇತಿಗೆ ಕಟ್ಟಿದರು.

"ಎಷ್ಟು ತೆಗೀಬೇಕು ಅಕ್ಕ?"

"ಎರಡ ಕಿಲೋ. ಅಂಚಿಂದಷ್ಟ. ನಡುವ ಮುಟ್ಟಬ್ಯಾಡ್ರಿ."

ಚಕ್ರ ತಿರುಗತೊಡಗಿತು. ಉಕ್ಕಿನ ಸುರುಳಿಗಳು ಚಕ್ಕುಲಿಯ ಹಾಗೆ ಬೀಳತೊಡಗಿದವು. ಅಣ್ಣನ ಕೈ ಬಹಳ ಚುರುಕು. ಆ ಸಾಮಾನು ಇನ್ನೊಂದು ಸಿಗುವುದಿಲ್ಲ. ಸದ್ದಿನ ನಡುವೆ ಬಗ್ಗಿ ಹೇಳಿದೆ: "ಅಣ್ಣಾ, ಹಗೂರ ಮಾಡ್ರಿ, ಹಗೂರ."

ಅವರು ತಲೆ ಎತ್ತದೆ, "ಇನ್ನೂ ಹಗೂರವಾ?" ಅಂದರು.

"ಹೂನ್ರಿ, ಇನ್ನೂ ಹಗೂರ."

ಅಷ್ಟರಲ್ಲಿ ಕಾಟಾಕ್ಕೆ ಲಾರಿ ಬಂದಿದೆ ಅಂತ ಫೋನು ಬಂತು. ಹೋದೆ. ಲಾರಿ ಇಳಿಸಿ, ಚಹಾ ಕುಡಿದು, ಮುಕ್ಕಾಲು ಗಂಟೆಯ ಮೇಲೆ ಬಂದರೆ ಅಣ್ಣ ಲೇತು ನಿಲ್ಲಿಸಿ ಕೈ ಒರೆಸಿಕೊಳ್ಳುತ್ತಿದ್ದರು. ಫ್ಲೈವೀಲನ್ನು ಕೈಗೆ ತೆಗೆದುಕೊಂಡೆ. ನನ್ನ ಕೈಗೆ ಕಾಟಾ ಬೇಕಾಗಿಲ್ಲ. ಅದು ನಾಲ್ಕೇ ಕಿಲೋ ಇತ್ತು.

"ಅಣ್ಣಾ, ಇದೇನ್ರೀ ಮಾಡಿಟ್ರಿ?"

"ಎಂತ ಮಾಡಿದ್ದು? ನೀವೇ ಹೇಳಿದ್ದಲ್ವಾ, ಹಗುರ ಮಾಡಿ, ಇನ್ನೂ ಹಗುರ ಮಾಡಿ ಅಂತ. ನಾನು ತಿರುಗಿ ಕೇಳಿದ್ದು ಮತ್ತೆ."

"ಹಗೂರ ಅಂದ್ರ ಸಾವಕಾಶರೀ. ಅವಸರ ಮಾಡಬ್ಯಾಡ್ರಿ ಅಂತ."

"ಸಾವಕಾಶಕ್ಕೆ ನಮ್ಮಲ್ಲಿ ಮೆಲ್ಲ ಅಂತ ಹೇಳುವುದು, ನಿಧಾನ ಅಂತ ಹೇಳುವುದು. ಹಗುರ ಅಂದರೆ ಭಾರ ಇಲ್ಲದ್ದು. ನೀವು ಭಂಗಾರದವರು, ತೂಕ ಬಿಟ್ಟು ಬೇರೆ ಎಂತದೋ ಮಾತಾಡ್ತೀರಿ ಅಂತ ನನಗೆ ಹೇಗೆ ಗೊತ್ತಾಗಬೇಕು ಮಾರಾಯ್ರೆ?"

ಹದಿನೈದು ವರ್ಷ ಒಂದೇ ಭಾಷೆ ಮಾತಾಡಿದೆವು ಅಂತ ನಾವು ಬರೀ ಅಂದುಕೊಂಡಿದ್ದೆವು ಅನ್ನುವುದು ಅಂದು ತಿಳಿಯಿತು. ಇದನ್ನು ನಿಮಗೆ ಬುದ್ಧಿಮಾತಾಗಿ ಹೇಳುತ್ತೇನೆ: ಕೆಲಸ ಕೊಡುವಾಗ ಪರಭಾಷೆಯವರ ಹತ್ತಿರ ಎಷ್ಟು ಎಚ್ಚರ ಇರುತ್ತೀರೋ, ನಮ್ಮ ಭಾಷೆಯವರ ಹತ್ತಿರ ಅದರ ಎರಡು ಪಟ್ಟು ಎಚ್ಚರ ಇರಿ.

ಅಣ್ಣ ಅದನ್ನು ಬೆಳಕಿಗೆ ಹಿಡಿದು ಮತ್ತೆ ಮತ್ತೆ ಅಳೆದರು. ಕ್ಲಚ್ಚು ಕೂರುವ ಜಾಗ, ನಡುವಿನ ದಪ್ಪ ಸರಿ ಉಂಟು, ಒಡೆಯುವ ಹೆದರಿಕೆ ಇಲ್ಲ ಅಂದರು. "ಆದರೆ ಸಿಗ್ನಲ್ಲಿನಲ್ಲಿ ಇಂಜಿನ್ ಬಂದ್ ಬೀಳ್ತದೆ. ಮೆಲ್ಲ ಹೊರಡುವ ಗಾಡಿ ಅಲ್ಲ ಇದು ಇನ್ನು." ಅವರ ಮುಖ ಬಾಡಿತ್ತು. ಕೂಲಿ ತೆಗೆದುಕೊಳ್ಳಲಿಲ್ಲ. ಪೂರಾ ಕೂಲಿ ತಗೊಳ್ಳಿರಿ ಅಂತ ನಾನು ಒತ್ತಾಯ ಮಾಡಿದೆ, ಅಂಥ ಸಮಯದಲ್ಲಿ ಚೌಕಾಶಿ ಮಾಡುವವಳಲ್ಲ ನಾನು.

ನಮ್ಮವರಿಗೆ ಹೇಳಿದೆ. ಅವರು ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು ಅಂಚಿನ ಸುತ್ತ ಬೆರಳಾಡಿಸಿದರು. ಬೈಯುತ್ತಾರೆ ಅಂದುಕೊಂಡಿದ್ದೆ. "ಹಾಕೂಣು, ಬ್ಯಾರೆ ದಾರಿ ಇಲ್ಲಲ್ಲ" ಅಂದರಷ್ಟೆ.

ಹಾಕಿದ ಮೇಲೆ ಅಣ್ಣ ಹೇಳಿದ್ದೇ ಆಯಿತು. ಕಲ್ಯಾಣ ಶೀಲ್ ರಸ್ತೆಯಲ್ಲಿ ಒಂದು ಸಿಗ್ನಲ್ಲು ಬಿಡದೆ ಗಾಡಿ ಸತ್ತಿತು. ಹಿಂದಿನ ರಿಕ್ಷಾದವರು ಹಾರ್ನು ಹೊಡೆದು ಹೊಡೆದು, "ಕಾಕಾ, ಬೈಲ್ ಲಾವಾ" ಅಂದರು, ಎತ್ತು ಕಟ್ಟಿರಿ ಅಂತ. ಒಮ್ಮೆ ಓಡತೊಡಗಿದರೆ ಮಾತ್ರ ಇಂಜಿನ್ನು ಬೆಕ್ಕಿನ ಹಾಗೆ ಜಿಗಿಯುತ್ತಿತ್ತು. ಕಾಲು ತಾಗಿಸಿದರೆ ಸಾಕು.

ತೊಂದರೆ ಗಾಡಿಯದಲ್ಲ, ನಮ್ಮವರದು. ಇಪ್ಪತ್ತೆರಡು ವರ್ಷ ಹಿಂದಿನ ಸೀಟಿನಲ್ಲಿ ಕೂತವರ ಕೈಯಲ್ಲಿನ ಚಹಾ ಚೆಲ್ಲದ ಹಾಗೆ ಗಾಡಿ ಹೊರಡಿಸಿದ ಕಾಲು ಅದು. ಗಾಡಿ ಹೊರಟದ್ದು ಕೂತವರಿಗೆ ಗೊತ್ತಾಗಬಾರದು, ಅದು ಅವರ ಅಭಿಮಾನ. ಈ ಗಾಡಿಗೆ ಆ ನಯ ಬೇಡವಾಗಿತ್ತು. ಇಂಜಿನ್ನು ಕೂಗುವಷ್ಟು ಎಕ್ಸಿಲರೇಟರು ಒತ್ತಿ, ಕ್ಲಚ್ಚನ್ನು ಧಡ್ಡನೆ ಬಿಡಬೇಕಿತ್ತು. ಭಾನುವಾರ ಬೆಳಿಗ್ಗೆ ಎಂಐಡಿಸಿಯ ರಸ್ತೆಯಲ್ಲಿ ಅಭ್ಯಾಸ ಮಾಡುತ್ತಿದ್ದರು. ನಾನು ರಸ್ತೆಯ ಪಕ್ಕದ ಕಟ್ಟೆಯ ಮೇಲೆ ಕೂತು, "ಇನ್ನಾ ಒರಟ, ಇನ್ನಾ" ಅಂತ ಹೇಳುವುದು. ಹತ್ತರಲ್ಲಿ ನಾಲ್ಕು ಸಲ ಗಾಡಿ ಸಾಯುತ್ತಿತ್ತು. ಇಳಿದು ಬಂದು, "ಇದು ಗಾಡಿಗೆ ಹೊಡದಂಗ ಅನಸ್ತೈತಿ ನನಗ" ಅನ್ನುವರು. ಮುಂದಿನ ಮಳೆಗಾಲಕ್ಕೆ ಅರವತ್ತು ತುಂಬುತ್ತಿತ್ತು. ನಾನು ಅದನ್ನು ನೆನಪಿಸಲಿಲ್ಲ, ಅವರೂ ಆಡಲಿಲ್ಲ.

ಆ ಭಾನುವಾರ ಬಂತು. ನಾನೂ ಲೇತ್ ಅಣ್ಣನೂ ಬಸ್ಸು ಹಿಡಿದು ಹೋದೆವು. ಮಗಳಿಗೆ ಅಂದು ಶಿಫ್ಟು ಇತ್ತು, ಗಳಿಗೆಗೊಮ್ಮೆ ಫೋನು. ನಮ್ಮವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು, ಡ್ಯೂಟಿಗೆ ಹಾಕುತ್ತಿದ್ದಂಥದೇ. ಸುತ್ತಲೂ ಜೀನ್ಸಿನ ಹುಡುಗರು. ಒಬ್ಬೊಬ್ಬರಿಗೆ ಮೂರು ಸಲ ಓಡಿಸಲು ಅವಕಾಶ, ಮೂರರಲ್ಲಿ ಒಳ್ಳೆಯದು ಲೆಕ್ಕಕ್ಕೆ.

ಮೊದಲ ಸಲ ಬಾವುಟ ಬೀಸಿದರು, ಗಾಡಿ ಒಂದು ಮೊಳ ಮುಂದೆ ಹೋಗಿ ಸತ್ತಿತು. ಹಗ್ಗದ ಹೊರಗೆ ಯಾರೋ ನಕ್ಕರು. ಅಣ್ಣ ನನ್ನ ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದರು. "ನನ್ನಿಂದ ಆದದ್ದು ಅಕ್ಕ" ಅಂದರು. ನಾನು ಅವರ ಕೈಗೆ ನೀರಿನ ಬಾಟಲಿ ಕೊಟ್ಟೆ.

ಎರಡನೆಯ ಸಲ ಗಾಡಿ ಹೊರಟಿತು. ಗುಂಡಿನ ಹಾಗೆ ಅನ್ನಲಾರೆ, ಆದರೆ ಹೊರಟಿತು. ಟೈಮಿನ ಟೇಬಲ್ಲಿಗೆ ಓಡಿದೆ. ಅಲ್ಲಿ ಕೂತಿದ್ದ ಮರಾಠಿ ತರುಣ ಚೀಟಿಯಲ್ಲಿ ಬರೆದದ್ದು ಇಪ್ಪತ್ತು ಪಾಯಿಂಟ್ ಒಂದು.

"ಆ ಒಂದನ್ನು ಬಿಟ್ಟುಬಿಡಪ್ಪಾ" ಅಂದೆ ಮರಾಠಿಯಲ್ಲಿ.

"ಬಿಡೋದಾ?"

"ಒಂದು ಅಂದರೆ ಎಷ್ಟಾಯಿತು? ರೆಪ್ಪೆ ಮಿಟುಕಿದಷ್ಟು. ನಿನ್ನ ಮಷೀನು ಎದುರುಗಾಳಿ ಎಣಿಸುತ್ತದೇನು? ರಸ್ತೆಯಲ್ಲಿ ಮರಳು ಬಿದ್ದದ್ದು ಎಣಿಸುತ್ತದೇನು? ಇಪ್ಪತ್ತು ಅಂತ ಬರಿ, ನಿನ್ನ ಕೈ ಸವೆಯುವುದಿಲ್ಲ."

"ಕಾಕೂ, ಇಪ್ಪತ್ತು ಅಂತ ಬರೆದರೂ ಬಿಲ್ಲೆ ಬರುವುದಿಲ್ಲ. ಇಪ್ಪತ್ತರ ಒಳಗೆ ಬೇಕು" ಅಂದ ಅವನು, ನಗು ತಡೆದುಕೊಂಡು.

"ಹಾಗಾದರೆ ಎರಡು ಬಿಡು."

ನಮ್ಮವರು ಬಂದು ನನ್ನ ಮೊಳಕೈ ಹಿಡಿದು ಎಳೆದರು. "ಇದ ಭಂಗಾರಲ್ಲ. ಬಾ ಇಲ್ಲೆ." ನಾನು ಜೀವಮಾನದಲ್ಲಿ ಚೌಕಾಶಿಗೆ ಬಗ್ಗದ್ದನ್ನು ಕಂಡದ್ದು ಅದೊಂದೇ.

ಮೂರನೆಯ ಓಟಕ್ಕೆ ಅರ್ಧ ಗಂಟೆ ಇತ್ತು. ನಾನು ಗಾಡಿಯ ಸುತ್ತ ನಡೆದೆ. ಮೊದಲು ಅವರ ಜೇಬು ಖಾಲಿ ಮಾಡಿಸಿದೆ. ಗೋಡೌನಿನ ಕೀಲಿಗೊಂಚಲು, ಪಾಕೀಟು, ಎರಡು ಫೋನು, ಹಿತ್ತಾಳೆ ಬಕಲಿನ ಬೆಲ್ಟು. ಅಣ್ಣ ಅವನ್ನೆಲ್ಲ ಟವೆಲ್ಲಿನಲ್ಲಿ ಕಟ್ಟಿಕೊಂಡರು. ಇನ್ನೇನು? ಬಗ್ಗಿ ನೋಡಿದರೆ ಪೆಟ್ರೋಲಿನ ಮುಳ್ಳು ಮೇಲೆಯೇ ಇತ್ತು.

"ಟಾಕಿ ತುಂಬಿಸ್ಕೊಂಡ ಬಂದೀರಾ?"

"ದೂರ ಬರೂದಿತ್ತಲ್ಲ. ನಡಕ ನಿಂದ್ರಬಾರದಂತ."

ಡ್ರೈವರರ ಬುದ್ಧಿ. ಇಪ್ಪತ್ತು ಲೀಟರಿಗಿಂತ ಹೆಚ್ಚು ಉಳಿದಿತ್ತು. ಪೆಟ್ರೋಲು ನೀರಿಗಿಂತ ಹಗುರ, ಆದರೂ ಅದು ಹದಿನೈದು ಕಿಲೋ. ಸುಮ್ಮನೆ ಕೂತು ಸವಾರಿ ಮಾಡುತ್ತಿದ್ದ ಹದಿನೈದು ಕಿಲೋ. ಭಂಗಾರಕ್ಕೆ ಬಂದ ಗಾಡಿಗಳ ಟಾಕಿ ಖಾಲಿ ಮಾಡಿ ಮಾಡಿ ನನಗೆ ಕೈ ಪಳಗಿದೆ. ಪಕ್ಕದವರಿಂದ ಒಂದು ಪೈಪು, ಎರಡು ಕ್ಯಾನು ಇಸಿದುಕೊಂಡು, ಗಾಡಿ ಓಡುವಷ್ಟು ಬಿಟ್ಟು ಉಳಿದದ್ದೆಲ್ಲ ಇಳಿಸಿದೆ. ನಮ್ಮವರು ನೋಡುತ್ತ ನಿಂತಿದ್ದರು.

"ಈ ಸಲ ಹಿಂದ ಯಾರೂ ಕುಂತಿಲ್ಲ" ಅಂದೆ. "ಯಾರ ಚಹಾನೂ ಚೆಲ್ಲಂಗಿಲ್ಲ."

ಅವರು ಹೆಲ್ಮೆಟ್ಟು ಹಾಕಿಕೊಂಡರು.

ಬಾವುಟ ಬೀಸಿದರು. ಇಂಜಿನ್ನು ಕೂಗಿತು, ಹಿಂದಿನ ಗಾಲಿಗಳು ಒಂದು ಗಳಿಗೆ ನಿಂತಲ್ಲೇ ತಿರುಗಿ ಹೊಗೆ ಎಬ್ಬಿಸಿದವು, ಗಾಡಿ ಎಗರಿತು. ನಮ್ಮವರು ಹಾಗೆ ಗಾಡಿ ಹೊರಡಿಸಿದ್ದನ್ನು ನಾನು ಅದಕ್ಕೂ ಮೊದಲು ಕಂಡಿಲ್ಲ, ಆಮೇಲೂ ಕಂಡಿಲ್ಲ. ಟೈಮಿನ ತರುಣ ಈ ಸಲ ನನ್ನ ಕಡೆ ನೋಡಿ ಚೀಟಿಯನ್ನು ತಾನೇ ಎತ್ತಿ ಹಿಡಿದ. ಹತ್ತೊಂಬತ್ತು ಪಾಯಿಂಟ್ ಒಂಬತ್ತು.

ಲೇತ್ ಅಣ್ಣ ಅಲ್ಲೇ ಕೂತುಬಿಟ್ಟರು. ನಮ್ಮವರು ಗಾಡಿ ತಿರುಗಿಸಿ ಸಾವಕಾಶ ಬಂದರು, ಹೆಲ್ಮೆಟ್ಟು ತೆಗೆದರು, ಚೀಟಿ ನೋಡಿದರು. ಬಿಲ್ಲೆಯನ್ನು ಕೈಗೆ ಕೊಟ್ಟಾಗ ಅಂಗಿಯ ತುದಿಯಿಂದ ಒರೆಸಿದರು. ಅದು ಹೊಸದೇ ಇತ್ತು, ಒರೆಸುವುದು ಏನೂ ಇರಲಿಲ್ಲ.

ಅಣ್ಣ ತಳೋಜಾದಿಂದ ಬಸ್ಸು ಹಿಡಿದರು. ನಾನು ಲೋಕಲ್ಲಿನ ಮಾತು ಮರೆತು, ಪಕ್ಕದ ಸೀಟಿನ ಜಾಗದಲ್ಲಿ ಒಂದು ಗೋಣಿಚೀಲ ಹಾಸಿಕೊಂಡು ಬರಿಯ ತಗಡಿನ ಮೇಲೆ ಕೂತೆ. ಹಾಗೆ ಕೂರಬಾರದು, ನೀವು ಕೂರಬೇಡಿ. ಪೆಟ್ರೋಲ್ ಪಂಪು ಇರುವ ಶೀಲ್ ಫಾಟಾ ಇನ್ನೂ ಒಂದು ಕಿಲೋಮೀಟರು ಇರುವಾಗ ಇಂಜಿನ್ನು ಕೆಮ್ಮಿ ನಿಂತಿತು. ಮುಳ್ಳು ತಳ ಮುಟ್ಟಿತ್ತು.

"ಇಳಿಸಿದ ಪೆಟ್ರೋಲ ಎಲ್ಲೈತಿ?" ಅಂತ ಕೇಳಿದರು ನಮ್ಮವರು.

ನಾನು ಸ್ವಲ್ಪ ಹೊತ್ತು ಲಾರಿಗಳನ್ನು ನೋಡಿದೆ. "ಆ ನೀಲಿ ಗಾಡಿಯ ಹುಡುಗನಿಗೆ ಕಮ್ಮಿ ಬಿದ್ದಿತ್ತು. ಚಲೋ ರೇಟು ಬಂತು, ಕೊಟ್ಟೆ."

"ಎಲ್ಲಾ?"

"ಎರಡೂ ಕ್ಯಾನು."

ಅವರು ಸ್ಟೇರಿಂಗಿನ ಮೇಲೆ ಹಣೆ ಇಟ್ಟು ನಗತೊಡಗಿದರು. ಭುಜ ಕುಲುಕುವಂತೆ, ಸದ್ದಿಲ್ಲದೆ. ಆಮೇಲೆ ಇಳಿದು, ಬಿಳಿ ಅಂಗಿಯ ತೋಳು ಮಡಚಿ, ಹಿಂದೆ ಹೋಗಿ ನಿಂತರು. ನಾನೂ ಇಳಿದು ಅವರ ಪಕ್ಕ ಕೈ ಹಚ್ಚಿದೆ.

"ನೀ ಒಳಗ ಕೂಡು. ಸ್ಟೇರಿಂಗ್ ಹಿಡಿ."

"ನಾ ಕುಂತ್ರ ಮತ್ತ ಅರವತ್ತೆಂಟ ಕಿಲೋ ಆಕ್ಕೈತ್ರಿ."

"ಕೂಡಂದ್ರ ಕೂಡು. ಈಗ ಟೈಮ್ ಯಾರ ನೋಡಾಕತ್ತಾರ?"

ಕೂತೆ. ಅವರು ದೂಡಿದರು.